ಒಲೆಯ ಮೇಲಿದ್ದ ಹಾಲು

ಬಿಷಪರ ಮನೆ, ವೆನಿಸ್ ಸೀಮೆ
ಸಂತ ಲೂಸಿಯ ಹಬ್ಬದ ಮರುದಿನ, 1587

ಅಮ್ಮಾ,

ಕೆಮ್ಮು ಕಡಿಮೆಯಾಯಿತೇ? ಕಂಬಳಿ ಕಳಿಸಿದ್ದೇನೆ. ಇದನ್ನೂ ಯಾರಿಗಾದರೂ ಕೊಟ್ಟುಬಿಡಬೇಡ, ಹೊದ್ದುಕೋ.

ಕಳೆದ ವಾರ ಸೂಲಗಿತ್ತಿಯರನ್ನೆಲ್ಲ ಕರೆಸಿ, ಸಾಯುವಂತಿರುವ ಕೂಸಿಗೆ ಹೆಸರಿಟ್ಟು ಜ್ಞಾನಸ್ನಾನ ಹೇಗೆ ಕೊಡುತ್ತೀರಿ ಎಂದು ವಿಚಾರಿಸಿದೆ. ನಮ್ಮೂರ ಓರ್ಸೊಲಜ್ಜಿಯೂ ಬಂದಿದ್ದಳು.

"ನನಗೇ ಪರೀಕ್ಷೆನಾ ಸ್ವಾಮಿ? ನೀವು ಹುಟ್ಟಿದಾಗ ಮೈಯೆಲ್ಲ ನೀಲಿ, ಉಸಿರೇ ಇಲ್ಲ. ಕೊಡದಲ್ಲಿದ್ದ ನೀರು ಚಳಿಗೆ ಗಡ್ಡೆ ಕಟ್ಟಿತ್ತು, ಕರಗಿಸೋಕೆ ಹೊತ್ತೆಲ್ಲಿ? ಒಲೆ ಮೇಲೆ ಮೇಕೆ ಹಾಲಿತ್ತು, ಅದನ್ನೇ ತಲೆಗೆ ಹುಯ್ದೆ. ಅದಕ್ಕೇ ನೋಡಿ, ಹಿಂಗೆ ಬೆಳ್ಳಗೆ ದುಂಡಗಿದ್ದೀರಿ!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಾಲು ನಡೆಯುವುದಿಲ್ಲ ಅಮ್ಮಾ, ನೀರೇ ಆಗಬೇಕು. ಜ್ಞಾನಸ್ನಾನವೇ ಆಗದವನು ಬಿಷಪನಿರಲಿ, ಪಾದ್ರಿಯೂ ಅಲ್ಲ. ಅವನಿಂದ ಪಾದ್ರಿ ಪಟ್ಟ ಪಡೆದವರೂ ಪಾದ್ರಿಗಳಲ್ಲ. ಬರುವ ಶನಿವಾರ ಇನ್ನಷ್ಟು ಮಂದಿ ಪಟ್ಟಕ್ಕಾಗಿ ನನ್ನ ಮುಂದೆ ಮಂಡಿಯೂರುತ್ತಾರೆ.

ಆಮೇಲೆ ನನ್ನನ್ನು ಚರ್ಚಿಗೆ ಒಯ್ದು ನೀರು ಹಾಕಿಸಿದ್ದಿರೇ? ನನಗೆ ಸಮಾಧಾನವಾಗಲೆಂದು ಹೌದು ಅನ್ನಬೇಡ. ಅಪ್ಪನ ಕೊನೆಗಳಿಗೆಯಲ್ಲಿ ಪಾಪಕ್ಷಮೆ ಕೊಟ್ಟವನು ನಾನೇ ಎಂಬುದನ್ನು ಈಗ ಯೋಚಿಸಬೇಡ.

ಹಾಕಿಸಿಲ್ಲವಾದರೆ ಉತ್ತರ ಬರೆಯಬೇಡ, ಪತ್ರ ತಂದ ಹೇಸರಗತ್ತೆಯವನ ಜೊತೆಗೇ ಹೊರಟು ಬಾ. ಪಾದ್ರಿ ಸಿಗದ ಕಡೆ ತಾಯಿಯೂ ಜ್ಞಾನಸ್ನಾನ ಕೊಡಬಹುದು. ಇಲ್ಲಿರುವ ಪಾದ್ರಿಗಳಿಗೆಲ್ಲ ಪಟ್ಟ ಕೊಟ್ಟವನು ನಾನೇ.

ಬರುವಾಗ ನಮ್ಮ ಬುಗ್ಗೆಯ ನೀರು ಒಂದು ಚೊಂಬು ತಾ. ದಾರಿಯಲ್ಲಿ ಗಡ್ಡೆ ಕಟ್ಟದಂತೆ ಕಂಬಳಿಯೊಳಗೆ ಎದೆಗವಚಿಕೊಂಡು ತಾ.

ನಿನ್ನ ಮಗ.
ಹೆಸರನ್ನು ನೀನು ಬಂದ ಮೇಲೆ ಬರೆಯುತ್ತೇನೆ.