ಮೈತ್ರೇಯಿಯ ಕಲ್ಲುಶಾಸ್ತ್ರ

ಬಸವನಗುಡಿ, ಬೆಂಗಳೂರು
೧೪ ಜೂನ್ ೧೯೯೭

ಪ್ರೀತಿಯ ಅಂಬುಜಾ,

ನಿನ್ನ ಮಂಡಿನೋವು ಹೇಗಿದೆ? ಬಳ್ಳಾರಿಯ ಬಿಸಿಲು ಸ್ವಲ್ಪವಾದರೂ ಇಳಿಯಿತೇ? ದೀಪ್ತಿಗೆ ಡಾಕ್ಟರು ಪ್ರಯಾಣ ಬೇಡವೆಂದಿದ್ದರಿಂದ ಬಾಣಂತನಕ್ಕೆ ನೀನೇ ಅಲ್ಲಿಗೆ ಹೋಗಬೇಕಾಯಿತು. ಮಗು ನಿನಗೆ ನಿದ್ದೆ ಮಾಡಲು ಬಿಡುತ್ತಿದೆಯೋ ಇಲ್ಲವೋ ಬರೆ. ಅಮ್ಮ ಆರೋಗ್ಯವಾಗಿದ್ದಾರೆ. ಸಾರು ನಾನೇ ಮಾಡುತ್ತಿದ್ದೇನೆ. ಪುಡಿ ನಿನ್ನದೇ, ಆದರೂ ನಿನ್ನ ಸಾರಿನಂತಾಗುತ್ತಿಲ್ಲ.

ಈಗ ಚಿಕ್ಕವಳ ವಿಷಯ. ಪಿಯುಸಿ ಮುಗಿಸಿದ ನಮ್ಮ ಮೈತ್ರೇಯಿ ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ತೆಗೆದುಕೊಳ್ಳುತ್ತಾಳಂತೆ, ಜೊತೆಗೆ ಫಿಸಿಕ್ಸ್, ಗಣಿತ. ಸುತ್ತಿಗೆ ಹಿಡಿದು, ಹುಡುಗರ ಜೊತೆ ಊರೂರು ಸುತ್ತಿ ಬಂಡೆ ನೋಡಿ ಬರುವ ಓದು. ಆಫೀಸಿನ ವರದರಾಜ ಕಂಪ್ಯೂಟರ್ ಸೈನ್ಸ್ ಕೊಡಿಸಿ ಎಂದ. ಅಮ್ಮನಂತೂ ಜಪಮಾಲೆ ಕೆಳಗಿಟ್ಟು, "ಕಲ್ಲು ಒಡೆಯೋಕೆ ಡಿಗ್ರಿ ಯಾಕೋ ರಾಮಾನುಜ?" ಎಂದು ಕೇಳಿದರು. ನಾನೂ ಬೇಡವೆಂದೆ. ಹುಡುಗಿ ವಾದಿಸಲಿಲ್ಲ, ಊಟಕ್ಕೆ ನನ್ನ ಪಕ್ಕ ಕೂರುವುದನ್ನು ಬಿಟ್ಟಳು. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಮದುವೆಯಾದ ಹೊಸತರಲ್ಲಿ, ಮನೆತುಂಬ ಜನರ ನಡುವೆ ಮಾತಾಡಲು ಜಾಗವಿಲ್ಲದೆ, ನಾವು ಸಂಜೆ ಬ್ಯೂಗಲ್ ರಾಕ್ ಮೇಲೆ ಹೋಗಿ ಕೂರುತ್ತಿದ್ದೆವಲ್ಲ. ಅಣ್ಣ ಹೇಳಿದನೆಂದು ನಾನು ಬಿ.ಕಾಂ. ಸೇರಿದ್ದು, ಮುಗಿದ ಮೇಲೆ ಸಂಸ್ಕೃತ ಎಂ.ಎ. ಓದುವ ಆಸೆಯಿಂದ ಹೋದರೆ ಡಿಗ್ರಿಯಲ್ಲಿ ಆ ವಿಷಯವೇ ಇಲ್ಲವೆಂದು ವಾಪಸು ಕಳಿಸಿದ್ದು, ಎಲ್ಲ ನಿನಗೆ ಹೇಳಿದ್ದು ಅಲ್ಲೇ. ನೀನು ಮೊದಲು ನಕ್ಕೆ. ಆಮೇಲೆ ಸುಮ್ಮನೆ ನಿನ್ನ ಪಾಲಿನ ಹುರಿಗಡಲೆಯನ್ನೂ ನನ್ನ ಕೈಗೆ ಸುರಿದೆ. ಮೈತ್ರೇಯಿ ನಡೆಯಲು ಕಲಿತಿದ್ದೂ ಆ ಬಂಡೆಯ ಮೇಲೇ. ಲಂಗದ ತುಂಬ ಕಲ್ಲಿನ ಚೂರು ತಂದು ತುಳಸಿಕಟ್ಟೆಯ ಮೇಲೆ ಜೋಡಿಸುತ್ತಿದ್ದಳು, ನೀನು ಬೈದುಕೊಂಡು ಎತ್ತಿ ಹಾಕುತ್ತಿದ್ದೆ.

ಕಳೆದ ಭಾನುವಾರ ಅವಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಗುಡ್ಡ ಹತ್ತಿ ನಾನು ಏದುಸಿರು ಬಿಡುತ್ತಿದ್ದರೆ, ಅವಳು ಬಂಡೆಯಲ್ಲಿನ ಕಪ್ಪು ಬಿಳಿ ಪಟ್ಟೆಗಳ ಮೇಲೆ ಬೆರಳಾಡಿಸುತ್ತ, ಇದಕ್ಕೆ ಮುನ್ನೂರು ಕೋಟಿ ವರ್ಷ ವಯಸ್ಸು ಎಂದಳು. ಡಿಗ್ರಿ ಆದಮೇಲೆ ಏನು ಎಂದು ಕೇಳಿದೆ.

"ಎಂ.ಎಸ್ಸಿ.ನೂ ಇದನ್ನೇ ಓದ್ತೀನಪ್ಪ. ಮೂರರಲ್ಲಿ ಯಾವ್ದಕ್ಕೆ ಬೇಕಾದ್ರೂ ಹೋಗ್ಬಹುದು ಅಂತ ಲೆಕ್ಚರರ್ ಹೇಳಿದ್ರು. ಫಿಸಿಕ್ಸು, ಗಣಿತ ಇಟ್ಕೊಂಡಿರೋದು ನಿಮ್ಮ ಧೈರ್ಯಕ್ಕೆ."

ಇಳಿಯುವಾಗ ಅವಳೇ ನನ್ನ ಕೈ ಹಿಡಿದುಕೊಂಡಳು.

ನೀನು ನಿಧಾನವಾಗಿ ಯೋಚಿಸಿ ನಿನ್ನ ಅಭಿಪ್ರಾಯ ಬರೆ. ಅದನ್ನು ನೋಡಿಕೊಂಡು ತೀರ್ಮಾನಿಸೋಣ. ದೀಪ್ತಿಗೂ ಮಗುವಿಗೂ ನಮ್ಮೆಲ್ಲರ ಆಶೀರ್ವಾದ, ಅಳಿಯಂದಿರನ್ನು ಕೇಳಿದೆನೆಂದು ಹೇಳು.

ನಿನ್ನ
ರಾಮಾನುಜ

ತಾ.ಕ.: ಲಕೋಟೆ ಅಂಟಿಸುವ ಮೊದಲು ನಿಜ ಹೇಳಿಬಿಡುತ್ತೇನೆ. ಕಾಲೇಜಿಗೆ ಸೇರಲು ನಿನ್ನೆಯೇ ಕೊನೆಯ ದಿನವಾಗಿತ್ತು. ರಜೆ ಹಾಕಿ, ಅವಳನ್ನು ಭೂವಿಜ್ಞಾನಕ್ಕೇ ಸೇರಿಸಿ ಬಂದೆ. ಗುಮಾಸ್ತರು, ಆಮೇಲೆ ಬದಲಾಯಿಸಲು ಬರುವುದಿಲ್ಲ ಎಂದರು. "ಬದಲಾಯಿಸೋದು ಬೇಡ" ಎಂದೆ. ಅಷ್ಟು ಗಟ್ಟಿಯಾಗಿ ಹೇಳಿದ್ದು ನಾನೇನಾ ಅನ್ನಿಸಿತು. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ನೀನೇ ಅವರಿಗೊಂದು ಕಾಗದ ಹಾಕು, ಈ ತೀರ್ಮಾನ ನಿನ್ನದೇ ಎನ್ನುವ ಹಾಗೆ. ನಿನ್ನ ಮಾತನ್ನು ಅವರು ತೆಗೆದುಹಾಕುವುದಿಲ್ಲ.