ತವರು ಎಂಬ ಪದವನ್ನು ವಾಪಸು ಕೊಡಿ

ಆರು ಊರುಗಳ ಹೆಸರಿನ ಆರು ತಂಡಗಳಿಗೆ ಒಡೆಯರೂ, ಆ ಆರನ್ನೂ ಒಂದೇ ಹೋಟೆಲಿನಲ್ಲಿ ಇಳಿಸಿದವರೂ ಆದ ವಸಂತ ಫುಟ್‌ಬಾಲ್ ಲೀಗಿನ ಮಾನ್ಯ ಆಯುಕ್ತರೇ,

ಆಸ್ಟಿನ್ ತಂಡವನ್ನು ನೀವು ಮುಚ್ಚಿದ್ದೀರಿ. ಆದರೆ ಮುಚ್ಚಿದ್ದೇವೆ ಎಂದು ಹೇಳುತ್ತಿಲ್ಲ. ನನ್ನ ದೂರು ಇಷ್ಟೇ. ಇಷ್ಟಕ್ಕೆ ಬಹಿರಂಗ ಪತ್ರವೇ ಎಂದು ನಿಮಗೆ ಅನ್ನಿಸಬಹುದು. ಆದ್ದರಿಂದ ‘ಮುಚ್ಚಿದ್ದೇವೆ’ ಎಂಬ ಈ ಒಂದು ಪದವನ್ನು ನೀವು ನುಂಗಿಕೊಂಡಿರುವುದರಿಂದ ಯಾರ ಗಂಟಲು ಕಟ್ಟಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅವನ ಹೆಸರು ಕೌಸ್ತುಭ್. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ನಾನು ಬಾಡಿಗೆಗಿರುವ ಮನೆಯವರ ಮಗ, ನಿಮ್ಮ ಆಸ್ಟಿನ್ ತಂಡದ ಕಿಕ್ಕರ್. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಅಮೆರಿಕನ್ ಫುಟ್‌ಬಾಲಿನಲ್ಲಿ ಅದನ್ನು ಎರಡು ಕಂಬಗಳ ನಡುವೆ ಒದೆಯುವುದು ಅವನ ಕೆಲಸ. ಈ ತಿಂಗಳ ಕೊನೆಯ ಶನಿವಾರ ಹ್ಯೂಸ್ಟನ್‌ನಲ್ಲಿ ದೊಡ್ಡ ಲೀಗಿನ ತಂಡವೊಂದು ಅವನನ್ನು ಆಯ್ಕೆಯ ಪರೀಕ್ಷೆಗೆ ಕರೆದಿದೆ. ಕಾಲೇಜು ಮುಗಿದಾಗಿನಿಂದ ಅವನು ಕಾಯುತ್ತಿದ್ದದ್ದು ಇದೊಂದು ಕರೆಗೆ. ನೀವು ಒಪ್ಪಂದದಿಂದ ಬಿಡುಗಡೆ ಮಾಡಿದರೆ ಮಾತ್ರ ಅವನಿಗೆ ಆ ಮೈದಾನದೊಳಗೆ ಪ್ರವೇಶ. ನಿಮ್ಮ ಕಚೇರಿಗೆ ಫೋನ್ ಮಾಡಿದರೆ ‘ತಂಡವನ್ನು ಕೇಳಿ’ ಎನ್ನುತ್ತಾರೆ. ತಂಡದ ಫೋನ್ ಎತ್ತುವವರಿಲ್ಲ, ಏಕೆಂದರೆ ತಂಡವೇ ಇಲ್ಲ. ಮತ್ತೆ ನಿಮ್ಮ ಕಚೇರಿಗೆ ಮಾಡಿದರೆ, ‘ತಂಡ ಇದೆ, ವಿರಾಮದಲ್ಲಿದೆ’ ಎನ್ನುತ್ತಾರೆ. ಸ್ವಾಮಿ, ಆಟಗಾರರ ಒಪ್ಪಂದವಾಗಿರುವುದು ತಂಡದ ಜೊತೆಗಲ್ಲ, ನಿಮ್ಮ ಲೀಗಿನ ಜೊತೆಗೆ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಮತ್ತೆ ಈ ಬಾಗಿಲಿನಿಂದ ಆ ಬಾಗಿಲಿಗೆ ಓಡಿಸುವ ಆಟದ ಹೆಸರೇನು? ಇದನ್ನೂ ಟಿವಿಯಲ್ಲಿ ತೋರಿಸುತ್ತೀರಾ?

ನಿಮಗೆ ಇಂಗ್ಲಿಷಿನಲ್ಲಿ ಬರೆದಾಯಿತು. ‘ಆಟದ ಮೇಲಿನ ನಿಮ್ಮ ಪ್ರೀತಿಗೆ ಧನ್ಯವಾದ’ ಎಂಬ ಉತ್ತರವನ್ನು ನಿಮ್ಮ ಯಂತ್ರ ತಕ್ಷಣ ಕಳಿಸಿತು. ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದು ಎಂದು ಹೇಳಬೇಡಿ. ಫೆಬ್ರವರಿಯಲ್ಲಿ ಗ್ಯಾಲರಿ ತುಂಬಿಸಬೇಕಾಗಿದ್ದಾಗ ನಿಮಗೆ ಕನ್ನಡ ಬೇಕಾಗಿತ್ತು. ನಿಮ್ಮ ಪ್ರಚಾರ ವಿಭಾಗದವರು ನಮ್ಮ ಕನ್ನಡ ಸಂಘವನ್ನು ಹುಡುಕಿಕೊಂಡು ಬಂದರು. ಮೊದಲ ಪಂದ್ಯದ ದಿನ ಎಲ್ಲ ಭಾಷೆಯವರ ಹಬ್ಬ ಮಾಡುತ್ತೇವೆ, ನಿಮ್ಮವರು ನಿಮ್ಮ ಪದ್ಧತಿಯಂತೆ ತಂಡವನ್ನು ಸ್ವಾಗತಿಸಬೇಕು, ಜೊತೆಗೆ ನಿಮ್ಮ ಭಾಷೆಯಲ್ಲೊಂದು ಪೋಸ್ಟರ್ ಬೇಕು ಎಂದರು. ಪೋಸ್ಟರ್ ಬರೆದವಳು ನಾನು. ‘ಹೋಮ್ ಟೀಮ್’ ಎಂಬುದಕ್ಕೆ ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ಎಷ್ಟೋ ಕಾಲದಿಂದ ಇರುವ ಪದವನ್ನೇ ಹಾಕಿದೆ: ‘ನಿಮ್ಮ ತವರು ತಂಡ ಆಸ್ಟಿನ್ ಬ್ಯಾಟ್ಸ್! ಬನ್ನಿ, ತವರು ಮೈದಾನಕ್ಕೆ!’

ಆಯುಕ್ತರೇ, ತವರು ಎಂದರೆ ಬರೀ ಊರಲ್ಲ. ಮದುವೆಯಾಗಿ ಹೋದ ಹೆಣ್ಣುಮಗಳು ಮರಳಿ ಬಂದು, ಚಪ್ಪಲಿ ಬಿಟ್ಟು, ಯಾರ ಅಪ್ಪಣೆಯೂ ಇಲ್ಲದೆ ಅಡುಗೆಮನೆಯ ಡಬ್ಬಿ ತೆರೆಯಬಲ್ಲ ಮನೆ ಅದು. ಪೋಸ್ಟರ್ ನೋಡಿದ ತುಳಸಿ ಆಂಟಿ, ಕೌಸ್ತುಭನ ತಾಯಿ, ಧಾರವಾಡದವರು, ಸೋಫಾದ ಮೇಲೆ ಬಿದ್ದು ನಕ್ಕರು. “ಗಂಡ್ಮಕ್ಕಳಿಗೆ ಎಲ್ಲಿ ತವರವಾ ನಿಶಿತಾ? ಹಂಗಾರ ನಮ್ಮ ಕೌಸ್ತುಭಗ ಉಡಿ ತುಂಬೂಣೇನು?” ಎಂದರು. ಅವರ ಗಂಡ ಭೀಮಸೇನ ಅಂಕಲ್ ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ, “ತುಂಬ್ರಿ, ತುಂಬ್ರಿ. ಹೆಲ್ಮೆಟ್ಟಿನಾಗ ಅಕ್ಕಿ ಹಾಕಿ ಕಳಸ್ರಿ” ಎಂದರು. ಕೌಸ್ತುಭ್ ಮಾತ್ರ ಆ ಅಕ್ಷರಗಳನ್ನು ಓದಲಾರದೆ, “ವಾಟ್ ಡಸ್ ಇಟ್ ಸೇ?” ಎಂದು ಕೇಳಿದ. ಹೇಳಿದೆವು. ಅವನಿಗೆ ಇಷ್ಟವಾಯಿತು. ಅದರ ಫೋಟೊ ತೆಗೆದು ತನ್ನ ಫೋನಿನ ಮುಖಕ್ಕೆ ಹಾಕಿಕೊಂಡ.

ಆ ಮೊದಲ ಪಂದ್ಯದ ಮಧ್ಯಾಹ್ನ ನಡೆದದ್ದು ನಿಮಗೆ ನೆನಪಿರಲಾರದು. ಮೈದಾನದ ಗೇಟಿನಲ್ಲಿ ನಮ್ಮ ಹೆಂಗಸರು ರೇಷ್ಮೆ ಸೀರೆಯುಟ್ಟು ನಿಂತಿದ್ದರು. ದೀಪ ಹಚ್ಚಬಾರದೆಂದು ನಿಮ್ಮ ಭದ್ರತೆಯವರು ಬೆಂಕಿಪೊಟ್ಟಣ ಕಿತ್ತುಕೊಂಡಿದ್ದರಿಂದ ತಟ್ಟೆಯಲ್ಲಿ ಕುಂಕುಮದ ನೀರಷ್ಟೇ ಇತ್ತು. ತರಬೇತಿಗೆಂದು ಡಲ್ಲಾಸ್ ಕಡೆ ಹೋದ ನಮ್ಮ ತಂಡ ಊರಿಗೆ ಮರಳಿರುತ್ತದೆ, ಹೊರಗಿನಿಂದ ಬಸ್ಸಿನಲ್ಲಿ ಬರುವವರು ಎದುರಾಳಿಗಳು, ನಮ್ಮವರು ಒಳಗೇ ಇರುತ್ತಾರೆ, ಬಾಗಿಲಿಗೆ ಬರುತ್ತಾರೆ ಎಂದು ನಾವೆಲ್ಲ ನಂಬಿದ್ದೆವು. ಯಾರಾದರೂ ಹಾಗೆಯೇ ನಂಬುತ್ತಾರೆ. ಆದರೆ ಬಂದದ್ದು ಎರಡು ಬಸ್ಸು. ಎರಡೂ ಒಂದೇ ಬಣ್ಣದವು, ಎರಡೂ ಡಲ್ಲಾಸ್ ಕಡೆಯಿಂದ ಬಂದವು. ಇಳಿದವರೆಲ್ಲರ ಎದೆಯ ಮೇಲೂ ನಿಮ್ಮ ಲೀಗಿನ ಒಂದೇ ಚಿಹ್ನೆ. ಸಂಘದ ಅಧ್ಯಕ್ಷರಾದ ಪುಟ್ಟಸ್ವಾಮಿ ಅಂಕಲ್ ಮೊದಲ ಬಸ್ಸಿನತ್ತ ಕೈತೋರಿಸಿ, “ನಮ್ಮೋರು ಇವ್ರೇ ಕಣಮ್ಮ, ಎತ್ತಿ ಎತ್ತಿ” ಎಂದರು. ತುಳಸಿ ಆಂಟಿ ಮನಸಾರೆ ಆರತಿ ಎತ್ತಿ, ಬಾಗಿದ ಪ್ರತಿಯೊಂದು ಹಣೆಗೂ ಕುಂಕುಮವಿಟ್ಟರು. ಮಗ ಇನ್ನೂ ಕಾಣಲಿಲ್ಲವಲ್ಲ ಎಂದು ಅವರು ಕತ್ತೆತ್ತಿ ನೋಡುವ ಹೊತ್ತಿಗೆ ಎರಡನೆಯ ಬಸ್ಸಿನ ಮೆಟ್ಟಿಲ ಮೇಲೆ ನಿಂತ ಕೌಸ್ತುಭ್ ಕೂಗಿದ: “ಅಮ್ಮಾ! ದಟ್ಸ್ ಹ್ಯೂಸ್ಟನ್!”

ಅಂದು ಹ್ಯೂಸ್ಟನ್ ಗೆದ್ದಿತು. ಕೊನೆಯ ಗಳಿಗೆಯಲ್ಲಿ ಗೆಲುವಿನ ಚೆಂಡನ್ನು ಒದ್ದ ಅವರ ಕಿಕ್ಕರ್‌ನ ಹಣೆಯ ಮೇಲೆ ಬೆವರಿಗೆ ಇಳಿದ ಕುಂಕುಮ ದೊಡ್ಡ ಪರದೆಯಲ್ಲಿ ಎಲ್ಲರಿಗೂ ಕಂಡಿತು. “ದೃಷ್ಟಿ ತೆಗ್ದಿದ್ದೇ ಅವ್ರಿಗೆ, ಇನ್ನ್ ಗೆಲ್ದೆ ಏನ್ಮಾಡ್ತಾರೆ?” ಎಂದು ಪುಟ್ಟಸ್ವಾಮಿ ಅಂಕಲ್ ಕಾರ್ ಪಾರ್ಕಿಂಗ್‌ವರೆಗೂ ಗೊಣಗಿದರು. ಎಲ್ಲರೂ ನಕ್ಕೆವು. ತುಳಸಿ ಆಂಟಿ ನಗಲಿಲ್ಲ. ಮಗ ಮನೆಗೆ ಬರುತ್ತಾನೆಂದು ಬೆಳಗ್ಗೆಯೇ ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟು ಬಂದಿದ್ದರು. ಮೈದಾನದಿಂದ ಮನೆ ಎಷ್ಟು ದೂರ? ಹೆದ್ದಾರಿಯಲ್ಲಿ ನಾಲ್ಕೈದು ಹಾಡು ಮುಗಿಯುವಷ್ಟು. ಆದರೆ ನಿಮ್ಮ ನಿಯಮದ ಪ್ರಕಾರ ‘ತವರು ತಂಡ’ ಪಂದ್ಯ ಮುಗಿದ ಕೂಡಲೇ ಬಸ್ಸು ಹತ್ತಿ ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನ ಹೋಟೆಲಿಗೆ ಮರಳಬೇಕು. ಅಲ್ಲೇ ಆರೂ ತಂಡಗಳ ವಾಸ, ಅಲ್ಲೇ ಅಭ್ಯಾಸ, ಅಲ್ಲೇ ಊಟ. ಅವನು ಕಿಟಕಿಯಿಂದ ಕೈ ಬೀಸಿ ಹೋದ. ತುಳಸಿ ಆಂಟಿ ಬಸ್ಸು ತಿರುಗುವವರೆಗೆ ನಿಂತಿದ್ದು ಆಮೇಲೆ ನನ್ನ ಕಡೆ ನೋಡಿ, “ತವರು ಅಂತ ಬರದಿಯಲ್ಲವಾ. ಒಂದ್ ರಾತ್ರಿನೂ ಉಳೀಲಿಕ್ಕೆ ಬಿಡಲಿಲ್ಲಂದ್ರ ಅದೆಂಥಾ ತವರು?” ಎಂದರು.

ಆಯುಕ್ತರೇ, ಆ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿದೆಯೇ? ಅಂದಿನಿಂದ ಪ್ರತಿ ಭಾನುವಾರ ಆ ತಾಯಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಡಲ್ಲಾಸ್ ಕಡೆಗೆ ಡ್ರೈವ್ ಮಾಡಿದರು. ತವರು ತಂಡದ ಮಗನನ್ನು ನೋಡಲು ಪರ ಊರಿಗೆ! ನೀವು ಲಾಂಛನಕ್ಕೆ ಆರಿಸಿಕೊಂಡ ಪ್ರಾಣಿಯನ್ನಾದರೂ ಗಮನಿಸಿದ್ದೀರಾ? ಬ್ಯಾಟ್ಸ್ ಎಂದರೆ ಕ್ರಿಕೆಟ್ ಬ್ಯಾಟೆಂದು ನಮ್ಮ ಸಂಘದ ಅರ್ಧ ಜನ ತಿಳಿದಿದ್ದರು, ಅದಿರಲಿ. ಆಸ್ಟಿನ್ನಿನ ಕಾಂಗ್ರೆಸ್ ಸೇತುವೆಯ ಕೆಳಗಿನ ಬಾವಲಿಗಳಲ್ಲಿ ಹೆಚ್ಚಿನವು ಹೆಣ್ಣು. ಪ್ರತಿ ವಸಂತದಲ್ಲಿ ಮೆಕ್ಸಿಕೋದಿಂದ ಹಾರಿಬಂದು ಅಲ್ಲೇ ಮರಿ ಹಾಕಿ ಸಾಕುತ್ತವೆ, ಬಾಣಂತನಕ್ಕೆ ಬಂದ ಹಾಗೆ. ನಿಮ್ಮ ಚಿಹ್ನೆಯ ಬಾವಲಿಗೆ ಆಸ್ಟಿನ್‌ನಲ್ಲಿ ತವರಿದೆ. ನಿಮ್ಮ ತಂಡಕ್ಕೆ ಇರಲಿಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಸಣ್ಣ ಲೀಗ್ ನಡೆಸುವುದು ಸುಲಭವಲ್ಲವೆಂದು ನನಗೆ ಗೊತ್ತು. ಈ ದೇಶದಲ್ಲಿ ವಸಂತಕಾಲದ ಫುಟ್‌ಬಾಲ್ ಲೀಗುಗಳು ಒಂದರ ಹಿಂದೊಂದು ಹುಟ್ಟಿ ಮುಚ್ಚಿವೆ. ದೊಡ್ಡ ಲೀಗಿನ ನೆರಳಿನಲ್ಲಿ ಗಿಡ ನೆಡುವವರ ಕಷ್ಟ ಅದು. ಎಲ್ಲರನ್ನೂ ಒಂದೆಡೆ ಇಳಿಸಿದರೆ ನಡೆಸುವುದು ಹಗುರ ಎಂಬುದನ್ನೂ ಒಪ್ಪುತ್ತೇನೆ. ಹಾಗಾದರೆ ಅದನ್ನೇ ಹೇಳಬೇಕಿತ್ತು: ‘ನಮ್ಮದು ಒಂದು ಹೋಟೆಲಿನ ಆರು ಗುಂಪುಗಳ ಆಟ, ಊರುಗಳ ಹೆಸರನ್ನು ಸದ್ಯಕ್ಕೆ ಎರವಲು ಪಡೆದಿದ್ದೇವೆ.’ ಆಗಲೂ ನಾವು ಬರುತ್ತಿದ್ದೆವು. ಕೌಸ್ತುಭ್ ಆಡುತ್ತಿದ್ದಾನೆ ಎಂಬುದೇ ನಮಗೆ ಸಾಕಾಗಿತ್ತು. ವಿಶ್ವಾಸಾರ್ಹತೆ ಎಂಬ ಭಾರಿ ಪದವನ್ನು ನೀವು ಸಂದರ್ಶನಗಳಲ್ಲಿ ಬಹಳ ಬಳಸುತ್ತೀರಿ. ಎಷ್ಟು ಮನೆಗಳಲ್ಲಿ ಟಿವಿ ಹಾಕಿದ್ದರು ಎಂಬುದು ಅದರ ಅಳತೆಯೆಂದು ನಿಮ್ಮ ಅಭಿಪ್ರಾಯ. ಹೇಳಿದ ಮಾತಿಗೂ ಇರುವ ಸ್ಥಿತಿಗೂ ಎಷ್ಟು ದೂರ ಎಂಬುದು ಅದರ ಅಳತೆಯೆಂದು ನನ್ನದು.

ಏಪ್ರಿಲ್ ಕೊನೆಯ ಆ ಮಂಗಳವಾರವನ್ನು ಈ ಅಳತೆಗೋಲಿನಿಂದ ಅಳೆಯೋಣ. ಅಭ್ಯಾಸ ಮುಗಿಸಿ ಬಂದ ಆಸ್ಟಿನ್ ಆಟಗಾರರ ಕೋಣೆಗಳ ಕಾರ್ಡುಗಳು ಕೆಲಸ ಮಾಡಲಿಲ್ಲ. ಬಾಗಿಲಲ್ಲಿ ಕೆಂಪು ದೀಪ. ಕಾರ್ಡು ಹಾಳಾಗಿದೆಯೆಂದುಕೊಂಡು ಎಲ್ಲರೂ ಲಾಬಿಗೆ ಇಳಿದರು. ಅಲ್ಲಿ ನಿಮ್ಮ ಕಚೇರಿಯ ಒಬ್ಬ ಹುಡುಗಿ, ಪಾಪ, ಅಳುತ್ತಾ ‘ವಿರಾಮ’ ಎಂಬ ಪದವನ್ನು ಓದಿದಳಂತೆ. ಭೀಮಸೇನ ಅಂಕಲ್ ರಜೆ ಹಾಕಿ ಹೊರಟರು, ನಾನೂ ಜೊತೆಗೆ ಹೋದೆ. ನಾವು ತಲುಪಿದಾಗ ಬಿಸಿಲಿನಲ್ಲಿ, ಕಾಲುದಾರಿಯ ಮೇಲೆ, ಬಾಗಿಲು ತುಂಬುವಂಥ ಆಳುಗಳು ತಮ್ಮ ತಮ್ಮ ಬ್ಯಾಗಿನ ಮೇಲೆ ಕುಳಿತಿದ್ದರು. ಅವರ ತಲೆಯ ಮೇಲೆ ನಿಮ್ಮ ಬ್ಯಾನರ್ ಹಾಗೇ ಇತ್ತು: ‘ಎರಡನೆಯ ಅವಕಾಶ ಶುರುವಾಗುವುದೇ ಇಲ್ಲಿ’.

ಅಂಕಲ್ ಈ ಲಾಸ್ ಕೊಲಿನಾಸ್‌ನಲ್ಲೇ ಒಂದು ಕಾಲದಲ್ಲಿ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಕೆಲಸ ಮಾಡಿದವರು. ಮಗನ ಬ್ಯಾಗನ್ನು ಡಿಕ್ಕಿಗೆ ಹಾಕುತ್ತಾ ಕೇಳಿದರು, “ತಗದ್ರೋ, ಇಟ್ಕೊಂಡ್ರೋ?”

“ನೈದರ್, ಅಪ್ಪ. ವಿ ಆರ್ ಆನ್ ‘ಬ್ರೇಕ್’,” ಎಂದ ಕೌಸ್ತುಭ್.

“ಹೋಗಪಾ. ಇದಕ್ಕ ನಮ್ಮ ಕಡೆ ಬೆಂಚ್ ಅಂತಾರ. ಪ್ರಾಜೆಕ್ಟ್ ಇರಂಗಿಲ್ಲ, ಬಿಡಂಗೂ ಇಲ್ಲ. ಗಿರಾಕಿಗೆ ತೋರಸಲಿಕ್ಕೆ ತಲಿ ಬೇಕಿರ್ತಾವ ಅವರಿಗೆ.”

ಓದುಗರೇ, ನಿಮ್ಮಲ್ಲಿ ಎಷ್ಟು ಜನ ಈ ಬೆಂಚಿನ ಮೇಲೆ ಕುಳಿತಿಲ್ಲ? ಆಯುಕ್ತರಿಗೆ ಅರ್ಥವಾಗದಿದ್ದರೆ ಚಿಂತೆಯಿಲ್ಲ, ನಿಮಗೆ ಅರ್ಥವಾಗಿರುತ್ತದೆ. ಕೆಲಸಗಾರ ಬೇಡ, ಕೆಲಸಗಾರನ ಹೆಸರು ಬೇಕು. ಗ್ರಂಥಾಲಯದ ಮುಂದೆ ಕಾರ್ಮಿಕ ಸಂಘದವರು ಹಂಚುವ ಕರಪತ್ರಗಳನ್ನು ನಾನು ಒಂದೂ ಬಿಡದೆ ಓದುತ್ತೇನೆ. ಗೆಳತಿಯರು ನಗುತ್ತಾರೆ. ಆದರೆ ಯಾವ ಕರಪತ್ರವೂ ಇದನ್ನು ಅಂಕಲ್‌ನಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ಯಾರನ್ನು ನಂಬಿಸಬೇಕಾಗಿದೆ ನಿಮಗೆ? ಮುಂದಿನ ಸೀಸನ್ನಿಗೆ ಹೊಸ ಪಾಲುದಾರರನ್ನು ಹುಡುಕುತ್ತಿದ್ದೀರೆಂದು ನೀವೇ ಟಿವಿಯಲ್ಲಿ ಹೇಳಿದ್ದೀರಿ. ಹಾಗೆ ಹೇಳುವಾಗ ನಿಮ್ಮ ಹಿಂದಿನ ಗೋಡೆಯ ಮೇಲೆ ಆರು ಹೆಲ್ಮೆಟ್ಟುಗಳಿದ್ದವು. ಆರನೆಯದು ನಮ್ಮ ಬಾವಲಿಯದು. ‘ಮುಚ್ಚಿದೆ’ ಎಂದರೆ ಆರು ಐದಾಗುತ್ತದೆ. ಆರನ್ನು ಆರಾಗಿಯೇ ಇಡಲು ಒಬ್ಬ ಯುವಕನ ಕಾಲನ್ನು ಮೊಳೆ ಹೊಡೆದು ಗೋಡೆಗೆ ಜಡಿದಿದ್ದೀರಿ.

ಇನ್ನೊಂದು ಸಂಗತಿ. ನಾವು ಕಾರು ಹತ್ತುವ ಹೊತ್ತಿಗೆ ಹ್ಯೂಸ್ಟನ್ ತಂಡದ ಬಸ್ಸು ಅಭ್ಯಾಸದಿಂದ ಮರಳಿತು. ಆ ಕಿಕ್ಕರ್, ಅಂದು ನಮ್ಮನ್ನು ಸೋಲಿಸಿದವನು, ಇಳಿದು ಬಂದು ಕೌಸ್ತುಭನನ್ನು ಬಹಳ ಹೊತ್ತು ಅಪ್ಪಿಕೊಂಡ. ಆಮೇಲೆ ತನ್ನ ಹಣೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿ, “ನಿಮ್ಮ ಅಮ್ಮನಿಗೆ ಹೇಳು, ಅವತ್ತು ಅದು ನನಗಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಒರೆಸಿಕೊಳ್ಳೋಕೆ ಮನಸ್ಸು ಬರಲಿಲ್ಲ” ಎಂದ. ದೊಡ್ಡ ಲೀಗಿನವರು ಈ ಪರೀಕ್ಷೆಗೆ ಮೊದಲು ಕೇಳಿದ್ದು ಅವನನ್ನೇ. ತನಗಿಂತ ದೂರ ಒದೆಯುವವನೊಬ್ಬ ರೌಂಡ್ ರಾಕ್‌ನಲ್ಲಿದ್ದಾನೆ, ಇಬ್ಬರನ್ನೂ ನೋಡಿ ಎಂದು ಹೇಳಿದವನು ಅವನು. ಎದುರಾಳಿ! ನಿಮ್ಮ ಲೀಗಿಗೆ ಏನಾದರೂ ಮರ್ಯಾದೆ ಉಳಿದಿದ್ದರೆ ಅದು ಆ ಹುಡುಗನ ಹಣೆಯ ಮೇಲಿದೆ, ನಿಮ್ಮ ಗೋಡೆಯ ಮೇಲಲ್ಲ.

ಈಗ ಕೌಸ್ತುಭ್ ಬೆಳಗಾದರೆ ತಾನು ಓದಿದ ಶಾಲೆಯ ಮೈದಾನಕ್ಕೆ ಹೋಗುತ್ತಾನೆ. ಕಂಬಗಳ ಹಿಂದೆ ತುಳಸಿ ಆಂಟಿ ವಾಕಿಂಗ್ ಶೂ ಹಾಕಿಕೊಂಡು ನಿಂತು ಚೆಂಡು ಹೆಕ್ಕಿ ಹೆಕ್ಕಿ ಕೊಡುತ್ತಾರೆ. “ಎಡಕ್ಕ ಹೊಂಟದ ನೋಡೋ, ಸಿಟ್ಟಿನಾಗ ಒದಿಬ್ಯಾಡ” ಎನ್ನುತ್ತಾರೆ. ಅವನು, “ಐ ಆಮ್ ನಾಟ್ ಆಂಗ್ರಿ, ಅಮ್ಮ” ಎನ್ನುತ್ತಾನೆ. ಮುಂದಿನ ಚೆಂಡು ಇನ್ನಷ್ಟು ಎಡಕ್ಕೆ ಹೋಗುತ್ತದೆ. ಮನೆಯಲ್ಲೇ ಮಲಗುತ್ತಾನೆ, ಎಣ್ಣೆಗಾಯಿ ಉಣ್ಣುತ್ತಾನೆ. ತಂಡವಿದ್ದಾಗ ಸಿಗದ ತವರು, ತಂಡ ಹೋದ ಮೇಲೆ ಸಿಕ್ಕಿದೆ. ಆದರೆ ಫೋನಿನ ಮುಖದಿಂದ ನನ್ನ ಪೋಸ್ಟರನ್ನು ತೆಗೆದುಹಾಕಿದ್ದಾನೆ.

ಆದ್ದರಿಂದ ನನ್ನ ಬೇಡಿಕೆ ಇದು. ಆ ಶನಿವಾರದೊಳಗೆ ಕೌಸ್ತುಭನನ್ನೂ, ಅವನ ಜೊತೆ ಕಾಲುದಾರಿಯ ಮೇಲೆ ಕುಳಿತಿದ್ದ ಎಲ್ಲರನ್ನೂ ಬಿಡುಗಡೆ ಮಾಡಿ. ‘ಆಸ್ಟಿನ್ ತಂಡ ಮುಚ್ಚಿದೆ’ ಎಂದು ನಿಮ್ಮ ಬಾಯಿಂದಲೇ ಹೇಳಿ. ಸೋತಿದ್ದಕ್ಕೆ ಯಾರೂ ನಿಮ್ಮನ್ನು ಬಯ್ಯುವುದಿಲ್ಲ, ಆಟದವರಿಗೆ ಸೋಲು ಹೊಸದಲ್ಲ. ಮತ್ತು ಫೆಬ್ರವರಿಯಲ್ಲಿ ನಾನು ನಿಮಗೆ ಕೊಟ್ಟ ಆ ಮೂರಕ್ಷರದ ಪದವನ್ನು ವಾಪಸು ಕೊಡಿ. ಇನ್ನು ಯಾವ ಊರಿನ ಪೋಸ್ಟರಿನ ಮೇಲೂ ಅದನ್ನು ಬಳಸಬೇಡಿ. ಅದು ನಮಗೆ ಬೇಕು.

ಶನಿವಾರ ನಾವೆಲ್ಲ ಹ್ಯೂಸ್ಟನ್‌ಗೆ ಹೋಗುತ್ತಿದ್ದೇವೆ, ನೀವು ಉತ್ತರಿಸಿದರೂ, ಉತ್ತರಿಸದಿದ್ದರೂ. ತುಳಸಿ ಆಂಟಿ ಆರತಿಯ ತಟ್ಟೆಯನ್ನು ಈಗಾಗಲೇ ತೊಳೆದಿಟ್ಟಿದ್ದಾರೆ. ಈ ಸಲ ಬಸ್ಸಿಲ್ಲ, ಒಂದೇ ಕಾರು, ಇಳಿಯುವವನು ಒಬ್ಬನೇ. ಅಲ್ಲಿ ಆ ಹ್ಯೂಸ್ಟನ್ ಹುಡುಗ ಸಿಕ್ಕರೆ ಅವನಿಗೂ ಎತ್ತುತ್ತಾರಂತೆ, ಈ ಸಲ ಗೊತ್ತಿದ್ದೇ. ಆರತಿಯ ನಂತರ ಗೇಟು ತೆರೆಯುತ್ತದೆಯೋ ಇಲ್ಲವೋ ಎಂಬುದೊಂದೇ ನಿಮ್ಮ ಕೈಯಲ್ಲಿ ಉಳಿದಿರುವ ಕೆಲಸ.

ಇಂತಿ,
ಇಲ್ಲದ ತಂಡವೊಂದಕ್ಕೆ ಊರು ಹುಡುಕಿಕೊಟ್ಟ ಅನುವಾದಕಿ,
ನಿಶಿತಾ
ರೌಂಡ್ ರಾಕ್, ಟೆಕ್ಸಸ್