ತೂತಿಲ್ಲದ ಬದನೆಕಾಯಿ

ದಾಂಡೇಲಿ
೯ ಜನವರಿ ೨೦೨೫

ಮಗಳು ಶೈಲಶ್ರೀಗೆ ಅವ್ವನ ಮನಸ್ಸು ತುಂಬಿದ ಆಶೀರ್ವಾದ.

ಅಳಿಯಂದಿರೂ ಕೂಸೂ ಆರಾಮವಾಗಿದ್ದಾರೆಂದು ನಂಬಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ನಾನು "ಎಲ್ಲಾ ಆರಾಮ ಐತಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ. ಸಿಟ್ಟಾಗಬೇಡ. ನಾನು ಫೋನ್ ಹಿಡಿದರೆ ನಿಮ್ಮಪ್ಪ ಬಾಗಿಲ ಮರೆಗೆ ಬಂದು ನಿಲ್ಲುತ್ತಾರೆ. ನೆರಳು ಕಾಣುತ್ತದೆ. ಅದಕ್ಕೇ ಈ ಕಾಲದಲ್ಲೂ ಕಾಗದ. ಪಕ್ಕದ ಮನೆ ಕಾಶೆವ್ವನ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದು.

ಶುರುವಾದದ್ದು ಒಳ್ಳೆಯದರಿಂದಲೇ. ನಿಮ್ಮಪ್ಪ ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಡಾಕ್ಟರು ಎಣ್ಣೆ ಕಡಿಮೆ ಮಾಡಿ ಅಂದರಲ್ಲ, ಆಗ ಇದ್ದಲಿಯ ಶೆಗಡಿ ಒಲೆಯೊಂದನ್ನು ತಂದು ಹಿತ್ತಿಲಲ್ಲಿ ಇಟ್ಟುಕೊಂಡರು. ಕೆಂಡದ ಮೇಲೆ ಬೂದಿ ಹರಡಿ ಬದನೆಕಾಯಿ, ಉಳ್ಳಾಗಡ್ಡಿ, ಗೆಣಸು ಇಟ್ಟು, ಪೇಪರ್ ಓದುತ್ತಾ ಒಂದೊಂದನ್ನೇ ಹೊರಳಿಸುವರು. ನಾನು ಬೀಸಣಿಗೆ ತಂದರೆ ಬೇಡ ಅನ್ನುವರು. "ಅವಸರಾ ಮಾಡಿದ್ರ ಮ್ಯಾಲ ಕರಿ, ಒಳಗ ಹಸಿ. ಬೂದ್ಯಾಗ ಅದರ ಪಾಡಿಗೆ ಅದು ಬೇಯಲಿ." ಹಾಗೆ ಬೆಂದ ಉಳ್ಳಾಗಡ್ಡಿ ಬೆಲ್ಲದಷ್ಟು ಸಿಹಿ. ರೊಟ್ಟಿ, ಸುಟ್ಟ ಬದನೆಕಾಯಿ, ಮೇಲಿಷ್ಟು ಹಸಿ ಎಣ್ಣೆ, ಉಪ್ಪು. ಅಷ್ಟರಲ್ಲಿ ಊಟ ಮುಗಿಯುತ್ತಿತ್ತು. "ಗಂಡಾ ಕುಂತು ಬದನಿಕಾಯಿ ಸುಟ್ಟು ಹಾಕ್ತಾನಂದ್ರ ನೀ ಪುಣ್ಯಾ ಮಾಡೀದಿ ಬಿಡವಾ" ಎಂದು ಕಾಶೆವ್ವ ನಗುತ್ತಿದ್ದಳು. ನನಗೂ ಹೆಮ್ಮೆಯೇ ಇತ್ತು.

ದಸರೆಯ ಹೊತ್ತಿಗೆ ಒಂದು ದಿನ ಬದನೆಯ ತಿರುಳಿಗೆ ನಾನು ಬೆಳ್ಳುಳ್ಳಿ ಜಜ್ಜಿ ಹಾಕಿದೆ. ತಾಟು ಸರಿಸಿದರು.

"ಏನ ಹಾಕೀದಿ ಇದರಾಗ?"

"ಬಳ್ಳೊಳ್ಳಿ ರೀ."

"ಬಳ್ಳೊಳ್ಳಿ ಬಿಟ್ಟು ಮತ್ತೇನ ಹಾಕೀದಿ ಅಂತ ಕೇಳೇನಿ."

ನಾನು ನಕ್ಕೆ. ಅವರು ನಗಲಿಲ್ಲ.

ಅಂದಿನಿಂದ ರೊಟ್ಟಿ ಬಿಟ್ಟರು. ಕತ್ತರಿಸಿದ್ದು ಯಾವುದೂ ಬೇಡ. ಸಿಪ್ಪೆಸಮೇತ ಇಡಿಯಾಗಿ ಸುಟ್ಟದ್ದು, ಅದೂ ತಮ್ಮ ಕೈಯಿಂದಲೇ ಸುಟ್ಟದ್ದು ಮಾತ್ರ. ಉಪ್ಪಿನ ಪುಡಿಕೆ ಅಂಗಿಯ ಕಿಸೆಯಲ್ಲಿ. ಒಂದೊಂದು ಬದನೆಕಾಯಿಯನ್ನೂ ಬಿಸಿಲಿಗೆ ಹಿಡಿದು, ತೊಟ್ಟು ಎತ್ತಿ, ತಿರುವಿ ತಿರುವಿ ನೋಡುವರು. ಒಂದರಲ್ಲಿ ಸಣ್ಣ ತೂತು ಕಂಡಿತು. ನನ್ನನ್ನು ಕರೆದು ತೋರಿಸಿದರು. "ಇದು ಹುಳಾ ಕೊರದದ್ದೋ, ಸೂಜಿ ಚುಚ್ಚಿದ್ದೋ?" ದನಿಯಲ್ಲಿ ಜಗಳವಿರಲಿಲ್ಲ ಶೈಲಾ, ಹವಾಮಾನ ಕೇಳಿದ ಹಾಗೆ ಕೇಳಿದರು.

ಆಮೇಲೆ ಬೆಂದದ್ದರಲ್ಲಿ ಮೊದಲ ತುಂಡು ಓಣಿಯ ನಾಯಿಗೆ. ಅದು ತಿಂದು ಬಾಲ ಅಲ್ಲಾಡಿಸುವವರೆಗೂ ಕಾಯುವರು. ನಾಯಿ ಬರುವುದು ಬಿಟ್ಟ ಮೇಲೆ ನನಗೆ ಕೊಡತೊಡಗಿದರು. "ಮೊದಲ ನೀ ತಿನ್ನು." ಕೆಂಡದಿಂದ ತೆಗೆದ ಗೆಣಸು, ನಾಲಿಗೆ ಸುಟ್ಟರೂ ನುಂಗಿದೆ. ಅವರು ನನ್ನ ಮುಖ ನೋಡಲಿಲ್ಲ, ಗಂಟಲು ನೋಡುತ್ತಿದ್ದರು.

ಸಾಂಬ್ರಾಣಿ ಊರಿನ ಕಡೆಯಿಂದ ನಮ್ಮ ಓಣಿಗೆ ಕಾಯಿಪಲ್ಯ ತರುವ ಜುಲಿಯಾನಾಳನ್ನು ನೀನು ನೋಡಿದ್ದೀ, ಸಿದ್ದಿ ಹೆಣ್ಣುಮಗಳು, ದೊಡ್ಡ ನಗೆಯವಳು. ಅವಳ ಬುಟ್ಟಿಯದನ್ನು ಮಾತ್ರ ಕೊಳ್ಳುತ್ತಿದ್ದರು. ಕಡೆಗೆ ಬುಟ್ಟಿಯೂ ಬೇಡವೆಂದು ಬಸ್ ಹಿಡಿದು ಅವಳ ಹೊಲಕ್ಕೇ ಹೋಗಿ ತಾವೇ ಕಿತ್ತು ತರತೊಡಗಿದರು. ಹೋದ ವಾರ ಅವರು ಸ್ನಾನಕ್ಕೆ ಹೋದಾಗ ಜುಲಿಯಾನಾ ನನ್ನನ್ನು ಪಕ್ಕಕ್ಕೆ ಕರೆದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

"ಅಕ್ಕಾರ, ಅಣ್ಣಾರು ಗೆಣಸು ಕಿತ್ತು ಮಣ್ಣ ಮೂಸಿ ನೋಡಾಕ ಹತ್ತಿದ್ರು. 'ಆಕಿ ಇಲ್ಲಿಗೂ ಬಂದಿದ್ಲೇನು?' ಅಂದ್ರು. ಯಾರ್ರೀ ಅಂದೆ. ನಿಮ್ಮ ಹೆಸರು ಹೇಳಿದ್ರು."

ನಾನು ಬಚ್ಚಲ ಕಡೆ ತಿರುಗಿ ನೋಡಿದೆ. ಅವಳು ದನಿ ತಗ್ಗಿಸಿದಳು.

"ಇದು ಹೊಟ್ಟಿ ಬ್ಯಾನಿ ಅಲ್ಲರೀ. ನಮ್ಮ ದೊಡ್ಡಪ್ಪಗ ಹಿಂಗ ಆಗಿತ್ತು. ಮನಸಿನ ಡಾಕ್ಟರಿಗೆ ತೋರಿಸಿದ ಮ್ಯಾಲ ನಿಧಾನಕ್ಕ ಉಣ್ಣಾಕ ಹತ್ತಿದ. ತಡಾ ಮಾಡಬ್ಯಾಡ್ರಿ."

ಆದರೂ ತಡ ಮಾಡಿದೆ. ಇವರಿಗೆ ಹೇಗೆ ಹೇಳುವುದು, ಯಾರಿಂದ ಹೇಳಿಸುವುದು ಎಂದು. ಮೊನ್ನೆ ಮಧ್ಯಾಹ್ನ ಹಿತ್ತಿಲಿಗೆ ಹೋದರೆ ಶೆಗಡಿಯ ಮೇಲಿನದೆಲ್ಲ ಇದ್ದಲಿಯಾಗಿದೆ. ಆ ಇದ್ದಲಿಯನ್ನೇ ಮುರಿದು ಬಾಯಿಗಿಡುತ್ತಿದ್ದಾರೆ. "ಪೂರಾ ಸುಟ್ಟರ ವಿಷಾನೂ ಸುಡತೈತಿ" ಅನ್ನುತ್ತಾ. ಓಡಿಹೋಗಿ ಕೈ ಹಿಡಿದೆ. ಕಾದ ಇಕ್ಕಳ ಎತ್ತಿದರು. "ಮುಟ್ಟಬ್ಯಾಡ!" ಹೊಡೆಯಲಿಲ್ಲ ಕಣವ್ವಾ. ಆ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ, ಹೆದರಿಕೆ. ನನ್ನನ್ನು ಕಂಡ ಹೆದರಿಕೆ. ಹಾಗೇ ಹಿಂದೆ ಸರಿಯುತ್ತಾ ಹೋಗಿ ತುಳಸಿಕಟ್ಟೆಯ ಹತ್ತಿರ ಕುಸಿದುಬಿದ್ದರು.

ಕಾಶೆವ್ವ ಫೋನ್ ಮಾಡಿ ಜುಲಿಯಾನಾಳನ್ನು ಕರೆಸಿದಳು. ನಾನು ಒಳಗಿನ ಕೋಣೆಯಲ್ಲಿ ಅಡಗಿ ಕುಳಿತೆ, ಅವರಿಗೆ ಕಾಣಬಾರದೆಂದು. ಜುಲಿಯಾನಾ ಎಳನೀರನ್ನು ಅವರ ಕಣ್ಣೆದುರೇ ಕೊಚ್ಚಿ, ಒಂದು ಗುಟುಕು ತಾನು ಕುಡಿದು ಕೊಟ್ಟಳು. ಪೂರ್ತಿ ಕುಡಿದರು. ಬಹಳ ಹೊತ್ತು ಸಮಾಧಾನ ಹೇಳಿ ಧಾರವಾಡದ ಡಾಕ್ಟರ ಹತ್ತಿರ ಬರಲು ಒಪ್ಪಿಸಿದಳು. ಅವರು ಹೇಳಿದ್ದು ನನಗೆ ಒಳಗೆ ಕೇಳಿಸಿತು. "ಬರ್ತೇನಿ. ಆದ್ರ ಆಕಿ ಗಾಡ್ಯಾಗ ಇರಬಾರ್ದು."

ಅದಕ್ಕೇ ಈ ಕಾಗದ. ಸಂಕ್ರಾಂತಿ ಮುಗಿದ ಶುಕ್ರವಾರ ಜುಲಿಯಾನಾಳ ಊರಿನ ರಿಯಾಜ ತನ್ನ ಗಾಡಿಯಲ್ಲಿ ನಿಮ್ಮಪ್ಪನನ್ನು ಕರೆದೊಯ್ಯುತ್ತಾನೆ, ಅವಳೂ ಜೊತೆಗಿರುತ್ತಾಳೆ. ನೀನು ಬೆಳಗಾವಿಯಿಂದ ನೇರ ಧಾರವಾಡಕ್ಕೆ ಬಾ. ಡಾಕ್ಟರ ಮುಂದೆ ಮನೆಯವರೊಬ್ಬರು ಮಾತಾಡಬೇಕು, ಮತ್ತು ಮನೆಯವರಲ್ಲಿ ಅವರು ಈಗ ನಂಬುವುದು ನಿನ್ನೊಬ್ಬಳನ್ನೇ. ಬಾಳೆಹಣ್ಣು ತಾ, ಅವರೇ ಸುಲಿದುಕೊಳ್ಳಲಿ. ಅವರು ನನ್ನ ಬಗ್ಗೆ ಏನೇ ಅಂದರೂ ಎದುರಾಡಬೇಡ. ಹೌದು ಅಂತಲೂ ಅನ್ನಬೇಡ.

ನಾನು ಇಲ್ಲೇ ಇರುತ್ತೇನೆ. ನನ್ನ ಚಿಂತೆ ಬೇಡ, ಕಾಶೆವ್ವ ಇದ್ದಾಳೆ. ನಿನ್ನ ಸಂಸಾರ ತಣ್ಣಗಿರಲಿ, ಕೂಸಿಗೆ ದೇವರು ನೂರು ವರ್ಷ ಕೊಡಲಿ.

ನಿನ್ನ ಅವ್ವ,
ವಿದ್ಯಾವತಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ದೀಪಾವಳಿಗೆ ನೀವು ಬಂದಾಗ ನಾನು ಕೂಸಿನ ಕೈಗೆ ಕರ್ಚಿಕಾಯಿ ಕೊಟ್ಟೆ. ನೀನು "ಕೆಮ್ಮ ಐತಿ, ಬ್ಯಾಡವ್ವಾ" ಎಂದು ಕಸಿದುಕೊಂಡೆ. ಕೂಸು ಒಂದು ಸಲವೂ ಕೆಮ್ಮಿರಲಿಲ್ಲ. ಅವತ್ತು ಮುಂಜಾನೆ ನಿಮ್ಮಪ್ಪ ನಿನ್ನೊಬ್ಬಳನ್ನೇ ಕರೆದು ಬಹಳ ಹೊತ್ತು ಏನೋ ಹೇಳಿದ್ದನ್ನು ನೋಡಿದ್ದೆ. ನೀವು ಹೊರಟ ಮೇಲೆ, ಸಂಜೆ ಕಾಶೆವ್ವ ನಾನು ಕಟ್ಟಿಕೊಟ್ಟಿದ್ದ ಬುತ್ತಿಯ ಗಂಟನ್ನು ಬಸ್ ಸ್ಟ್ಯಾಂಡಿನಿಂದ ತಂದುಕೊಟ್ಟಳು. "ಶೈಲಾ ಬಾಕಿನ ಮ್ಯಾಲ ಮರತ ಹೋಗ್ಯಾಳ ನೋಡು" ಅಂದಳು. ಹೌದು, ಮೊದಲಿಂದಲೂ ಅವಳಿಗೆ ಮರೆವು ಜಾಸ್ತಿ ಎಂದು ನಾನೂ ಅಂದೆ. ನಿಮ್ಮಪ್ಪನಿಗೆ ರೋಗ, ಶೈಲಾ. ನಿನಗೇನಾಗಿತ್ತು?